ಅಡ್ಡ ಮಲಗಿದ ಪದ: ಇಂಗ್ಲಿಷಿನ ‘ಥ್ವಾರ್ಟ್’ ಎಲ್ಲಿಂದ ಬಂತು, ಏನು ಹೇಳುತ್ತದೆ?

ಭಾಷಾಂತರದ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸುದ್ದಿ ನನ್ನ ಮೇಜಿಗೆ ಬಂತು. ಸರಕು ಹಡಗೊಂದನ್ನು ಅಪಹರಿಸಲು ಕಡಲ್ಗಳ್ಳರು ನಡೆಸಿದ ಯತ್ನವನ್ನು ನೌಕಾಪಡೆ ‘ಥ್ವಾರ್ಟ್’ ಮಾಡಿತು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಿಘಂಟು ತೆರೆದೆ. ‘ಅಡ್ಡಿಪಡಿಸು’ ಎಂದು ಸಿಕ್ಕಿತು. ಹಿಂದೆಮುಂದೆ ನೋಡದೆ ಶೀರ್ಷಿಕೆ ಬರೆದುಕೊಟ್ಟೆ: ‘ಕಡಲ್ಗಳ್ಳರ ಯತ್ನಕ್ಕೆ ನೌಕಾಪಡೆ ಅಡ್ಡಿ’. ಹಿರಿಯ ಉಪಸಂಪಾದಕರು ಹಾಳೆಯನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: ‘ಅಡ್ಡಿ ಮಾಡಿದರು, ಸರಿ. ಹಡಗು ಉಳಿಯಿತೋ ಹೋಯಿತೋ? ಅಲ್ಲದೆ ಇದನ್ನು ಓದಿದವರಿಗೆ ಕಳ್ಳರು ಏನೋ ಒಳ್ಳೆಯ ಕೆಲಸ ಮಾಡುತ್ತಿದ್ದರು, ನೌಕಾಪಡೆಯವರು ಹೋಗಿ ಕೆಡಿಸಿದರು ಅನ್ನಿಸುವುದಿಲ್ಲವೇ?’

ಆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದಾಗ ಈ ಪುಟ್ಟ ಪದದ ಹಿಂದೆ ದೊಡ್ಡ ಕಥೆ ಇರುವುದು ಗೊತ್ತಾಯಿತು. ಇಂಗ್ಲಿಷ್ ಸುದ್ದಿಗಳು ಈಗ ಮೊಬೈಲಿನಲ್ಲಿ ದಿನವಿಡೀ ಬರುತ್ತಿರುವುದರಿಂದ ಈ ಪದ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಂಚು, ದಾಳಿ, ಕಳ್ಳಸಾಗಣೆ, ಸೈಬರ್ ವಂಚನೆ, ರಾಜಕೀಯ ಪಕ್ಷದೊಳಗಿನ ಬಂಡಾಯ, ಯಾವುದು ವಿಫಲವಾದರೂ ಈ ಪದ ಹಾಜರಿರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಸಮಾನಾರ್ಥಕ ಪದಗಳ ಪಟ್ಟಿಯಲ್ಲಂತೂ ಅದಕ್ಕೆ ಕಾಯಂ ಸ್ಥಾನವಿದೆ. ನಿಘಂಟು ನೋಡಿದರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಒಂದು ಕಡೆ ‘ಯೋಜನೆಯನ್ನು ಕೆಡಿಸು’ ಎಂದಿರುತ್ತದೆ, ಅದರ ಕೆಳಗೇ ‘ದೋಣಿಯಲ್ಲಿ ಹುಟ್ಟು ಹಾಕುವವನು ಕೂರುವ ಹಲಗೆ’ ಎಂದೂ ಇರುತ್ತದೆ. ಸಂಚಿಗೂ ಹಲಗೆಗೂ ಏನು ನಂಟು?

ಮೊದಲು ಇವತ್ತಿನ ಅರ್ಥ

ಇಂದಿನ ಬಳಕೆಯಲ್ಲಿ ‘ಥ್ವಾರ್ಟ್’ ಒಂದು ಸಕರ್ಮಕ ಕ್ರಿಯಾಪದ. ಅಂದರೆ ಅದಕ್ಕೆ ಒಂದು ಕರ್ಮ ಬೇಕೇ ಬೇಕು. ಯಾರೋ ಏನನ್ನೋ ಮಾಡಲು ಹೊರಟಿರುತ್ತಾರೆ. ಇನ್ನೊಬ್ಬರು ಅಥವಾ ಇನ್ನೊಂದು ಶಕ್ತಿ ನಡುವೆ ಬಂದು ಅದು ಆಗದಂತೆ ಮಾಡುತ್ತದೆ. ಆ ‘ಆಗದಂತೆ ಮಾಡುವುದು’ ಥ್ವಾರ್ಟ್.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು, ಉದ್ದೇಶ ಮೊದಲೇ ಇರಬೇಕು. ಯಾರೂ ಯೋಚಿಸದ, ಯಾರೂ ಹೊರಡದ ಕೆಲಸವನ್ನು ಥ್ವಾರ್ಟ್ ಮಾಡಲು ಬರುವುದಿಲ್ಲ. ಎರಡನೆಯದು, ತಡೆ ಹೊರಗಿನಿಂದ ಬರಬೇಕು. ಹಣ ಸಾಲದೆ, ಮನಸ್ಸು ಬದಲಾಗಿ, ತಾನಾಗಿಯೇ ಬಿದ್ದುಹೋದ ಯೋಜನೆಗೆ ಈ ಪದ ಒಗ್ಗುವುದಿಲ್ಲ. ಆದರೆ ತಡೆಯುವವರು ಮನುಷ್ಯರೇ ಆಗಿರಬೇಕೆಂದಿಲ್ಲ. ಶಿಖರ ಏರಲು ಹೊರಟವರನ್ನು ಹಿಮಗಾಳಿಯೂ ಥ್ವಾರ್ಟ್ ಮಾಡಬಹುದು. ಮೂರನೆಯದು, ನಾನು ಎಡವಿದ್ದು ಇಲ್ಲೇ, ಫಲಿತಾಂಶ ಈ ಪದದೊಳಗೇ ಅಡಗಿದೆ. ಥ್ವಾರ್ಟ್ ಮಾಡಲಾಯಿತು ಎಂದರೆ ಆ ಕೆಲಸ ನಡೆಯಲಿಲ್ಲ ಎಂದೇ ಅರ್ಥ. ತಡವಾಯಿತು, ಕಷ್ಟವಾಯಿತು ಎಂದಷ್ಟೇ ಅಲ್ಲ.

ಹಾಗಾಗಿಯೇ ಇಂಗ್ಲಿಷ್ ಸುದ್ದಿ ಬರೆಯುವವರು ಫಲಿತಾಂಶ ಗೊತ್ತಿಲ್ಲದಾಗ ‘ಥ್ವಾರ್ಟ್ ಮಾಡಲು ಯತ್ನ’ ಎಂದು ಎಚ್ಚರಿಕೆಯಿಂದ ಬರೆಯುತ್ತಾರೆ. ಈ ಎರಡೂ ಬೆರೆತರೆ ತಲೆ ತಿರುಗುವ ವಾಕ್ಯಗಳು ಹುಟ್ಟುತ್ತವೆ. ‘ತನಿಖೆಯನ್ನು ಥ್ವಾರ್ಟ್ ಮಾಡುವ ಯತ್ನವನ್ನು ಥ್ವಾರ್ಟ್ ಮಾಡಲಾಯಿತು’ ಎಂದು ಓದಿದಾಗ ಬೆರಳು ಮಡಚಿ ಲೆಕ್ಕ ಹಾಕಬೇಕಾಗುತ್ತದೆ. ಯತ್ನ ಕೆಟ್ಟಿತು, ಆದ್ದರಿಂದ ತನಿಖೆ ಉಳಿಯಿತು.

ಕರ್ಮದ ಜಾಗದಲ್ಲಿ ಯೋಜನೆಯೂ ನಿಲ್ಲಬಹುದು, ಮನುಷ್ಯನೂ ನಿಲ್ಲಬಹುದು. ಅವನ ಆಸೆಯನ್ನು ಥ್ವಾರ್ಟ್ ಮಾಡಿದರು ಎನ್ನಬಹುದು, ಅವನನ್ನೇ ಥ್ವಾರ್ಟ್ ಮಾಡಿದರು ಎಂದರೂ ಸರಿಯೇ. ‘ಥ್ವಾರ್ಟೆಡ್’ ಎಂಬ ರೂಪ ವಿಶೇಷಣವಾಗಿಯೂ ನಡೆಯುತ್ತದೆ. ಈಡೇರದೆ ಒಳಗೇ ಉಳಿದ ಮಹತ್ವಾಕಾಂಕ್ಷೆಗೆ, ಕೈಗೂಡದ ಪ್ರೀತಿಗೆ ಅದನ್ನು ಹಚ್ಚುತ್ತಾರೆ.

ಬಾಯಲ್ಲಿ ಹೇಗೆ ಆಡುವುದು?

ಬರೆದಿರುವ ಅಕ್ಷರ ನೋಡಿ ‘ಥ್ವರ್ಟ್’ ಎಂದೋ ‘ತ್ವಾರ್ಟ್’ ಎಂದೋ ಓದುವವರು ಬಹಳ. ಆರಂಭದ ಧ್ವನಿ ನಮ್ಮ ಮಹಾಪ್ರಾಣ ‘ಥ’ ಅಲ್ಲ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಗಾಳಿ ಊದಬೇಕು. ಆ ಧ್ವನಿಗೆ ಕನ್ನಡದಲ್ಲಿ ಅಕ್ಷರವಿಲ್ಲದ ಕಾರಣ ‘ಥ’ ಬರೆದು ಸಮಾಧಾನಪಟ್ಟುಕೊಳ್ಳುತ್ತೇವೆ. ನಂತರದ ಸ್ವರ ‘ಆ’ಗೂ ‘ಓ’ಗೂ ನಡುವಿನದು. ಇಂಗ್ಲಿಷಿನಲ್ಲಿ ‘ವ’ ಧ್ವನಿಯ ಬೆನ್ನಿಗೆ ಬರುವ ಈ ಸ್ವರ ಸಾಮಾನ್ಯವಾಗಿ ಹೀಗೆ ಬಾಯಿ ದುಂಡಗಾಗಿಸುತ್ತದೆ. ‘ವಾರ್’, ‘ವಾರ್ಮ್’, ‘ಡ್ವಾರ್ಫ್’, ‘ಕ್ವಾರ್ಟ್’ ಎಲ್ಲದರಲ್ಲೂ ಅದೇ ಕಥೆ. ‘ಥ್ವ’ ಎಂದು ಆರಂಭವಾಗುವ ಪದಗಳು ಇಂಗ್ಲಿಷಿನಲ್ಲಿ ಬೆರಳೆಣಿಕೆಯಷ್ಟು. ಪಟ್ಟನೆ ಹೊಡೆಯುವ ಸದ್ದಿಗೆ ‘ಥ್ವ್ಯಾಕ್’ ಎಂಬುದೊಂದಿದೆ. ಉತ್ತರ ಇಂಗ್ಲೆಂಡಿನ ಊರ ಹೆಸರುಗಳ ಕೊನೆಯಲ್ಲಿ ಬರುವ ‘ಥ್ವೇಟ್’ ಇನ್ನೊಂದು. ಕಾಡು ಕಡಿದು ಮಾಡಿದ ಬಯಲು ಎಂದು ಅದರ ಅರ್ಥ. ಈ ಎರಡನೆಯದು ಬಂದ ದಾರಿಯಲ್ಲೇ ನಮ್ಮ ಪದವೂ ಬಂದಿದೆ.

ಒಂದು ದಿಮ್ಮಿ, ಎರಡು ದಿಕ್ಕು

ಮೂಲಕ್ಕೆ ಹೋಗುವ ಮುನ್ನ ಒಂದು ಚಿತ್ರ. ಕಾಡಿನ ನಡುವೆ ಕಾಲುದಾರಿ, ಅದರ ಮೇಲೊಂದು ಮರದ ದಿಮ್ಮಿ. ದಿಮ್ಮಿ ದಾರಿಯ ಉದ್ದಕ್ಕೆ ಮಲಗಿದ್ದರೆ ಪಕ್ಕದಲ್ಲಿ ನಡೆದು ಹೋಗಬಹುದು. ನಡುವೆ ಹಳ್ಳ ಇದ್ದರೆ ಅದೇ ದಿಮ್ಮಿ ಸಂಕವಾಗುತ್ತದೆ, ಅದರ ಮೇಲೆಯೇ ನಡೆದು ಆಚೆ ಸೇರಬಹುದು. ಅದನ್ನೇ ಕಾಲು ಸುತ್ತು ತಿರುಗಿಸಿ ಇಟ್ಟರೆ ದಾರಿ ಮುಚ್ಚಿತು. ಮರ ಅದೇ, ತೂಕ ಅದೇ. ಬದಲಾದದ್ದು ದಿಕ್ಕು ಮಾತ್ರ.

ಆ ದಿಕ್ಕಿಗೆ ಕನ್ನಡದಲ್ಲಿ ‘ಅಡ್ಡ’ ಎನ್ನುತ್ತೇವೆ. ಥ್ವಾರ್ಟ್ ಪದದ ಹುಟ್ಟಿನ ಅರ್ಥವೂ ಅದೇ: ಅಡ್ಡ, ಅಡ್ಡಲಾಗಿ. ಈ ಒಂದು ಕೀಲಿ ಕೈಯಲ್ಲಿದ್ದರೆ ಅದರ ಉಳಿದ ಅರ್ಥಗಳೆಲ್ಲ ತಾವಾಗಿ ತೆರೆದುಕೊಳ್ಳುತ್ತವೆ.

ಕನ್ನಡಿಗರಿಗೆ ಇದನ್ನು ವಿವರಿಸುವುದು ಇಂಗ್ಲಿಷರಿಗೆ ವಿವರಿಸುವುದಕ್ಕಿಂತ ಸುಲಭ. ಅವರಿಗೆ ಥ್ವಾರ್ಟ್ ಎಂದರೆ ಈಗ ಬರಿಯ ‘ಕೆಡಿಸು’. ದಿಕ್ಕಿನ ನೆನಪು ಮಾಸಿಹೋಗಿದೆ. ನಮ್ಮಲ್ಲಿ ಅದು ಇನ್ನೂ ಹಸಿಯಾಗಿದೆ. ಅಡ್ಡಗೆರೆಯಲ್ಲಿ, ಅಡ್ಡರಸ್ತೆಯಲ್ಲಿ ಇರುವುದು ಬರಿಯ ದಿಕ್ಕು. ಅಡ್ಡಗಟ್ಟುವುದರಲ್ಲಿ, ಅಡ್ಡಗಾಲು ಹಾಕುವುದರಲ್ಲಿ ತಡೆ ಇದೆ. ಅಡ್ಡದಾರಿ, ಅಡ್ಡಕಸುಬಿ ಎನ್ನುವಾಗ ನಡತೆಯ ಸೊಟ್ಟತನ ಸೇರಿಕೊಂಡಿತು. ಅಡ್ಡಮಾತಿನಲ್ಲಿ ಸಿಡುಕೂ ಇದೆ. ಒಂದೇ ಪದ ಮರದ ದಿಕ್ಕಿನಿಂದ ಮನುಷ್ಯನ ಸ್ವಭಾವದವರೆಗೆ ನಡೆದು ಬಂದಿದೆ. ಥ್ವಾರ್ಟ್ ಕೂಡ ಹೆಚ್ಚುಕಡಿಮೆ ಇದೇ ನಡಿಗೆ ನಡೆದಿದೆ.

ಹಾಗೆಂದು ಎರಡೂ ಪದಗಳು ಒಂದೇ ಕುಲದವು ಎಂದು ಹೊರಡಬಾರದು. ‘ಅಡ್ಡ’ ದ್ರಾವಿಡ ಪದ, ತೆಲುಗಿನಲ್ಲಿ ಅದರ ಒಡಹುಟ್ಟು ‘ಅಡ್ಡಂ’ ಇದೆ. ಥ್ವಾರ್ಟ್ ಇಂಡೋ-ಯುರೋಪಿಯನ್ ಬಳಗದ್ದು. ರಕ್ತಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ರೀತಿ ಯೋಚಿಸಿವೆ, ಅಷ್ಟೇ. ಕೆಲಸವನ್ನು ಪಯಣವೆಂದೂ ಉದ್ದೇಶವನ್ನು ದಾರಿಯೆಂದೂ ಭಾವಿಸಿದ ಮೇಲೆ ತಡೆಯನ್ನು ಅಡ್ಡ ಬಿದ್ದ ವಸ್ತುವೆಂದು ಭಾವಿಸುವುದು ಸಹಜವೇ.

ಉತ್ತರದ ಕಡಲು ದಾಟಿ ಬಂದದ್ದು

ಥ್ವಾರ್ಟ್ ಇಂಗ್ಲಿಷಿನ ಸ್ವಂತ ಪದವಲ್ಲ. ಅದನ್ನು ತಂದವರು ಸ್ಕ್ಯಾಂಡಿನೇವಿಯಾದ ಜನ, ನಾವು ವೈಕಿಂಗರು ಎಂದು ಕರೆಯುವವರು. 793ರಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ಮಠದ ಮೇಲೆ ಅವರು ನಡೆಸಿದ ದಾಳಿ ಚರಿತ್ರೆಯಲ್ಲಿ ಪ್ರಸಿದ್ಧ. ಸೂರೆಗೆ ಬಂದವರು ಮುಂದಿನ ಶತಮಾನದಲ್ಲಿ ಭೂಮಿ ಹಿಡಿದು ನೆಲೆಸಿದರು. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದ ದೊಡ್ಡ ಪ್ರದೇಶದಲ್ಲಿ ಅವರ ಕಾನೂನೇ ನಡೆಯುತ್ತಿತ್ತು. ಅವರ ಮಾತಿಗೆ ಹಳೆಯ ನಾರ್ಸ್ ಎಂದು ಹೆಸರು. ಇಂದಿನ ಐಸ್‌ಲ್ಯಾಂಡಿಕ್, ನಾರ್ವೇಜಿಯನ್, ಸ್ವೀಡಿಷ್, ಡ್ಯಾನಿಷ್ ಭಾಷೆಗಳ ತಾಯಿ ಅದು.

ಅಕ್ಕಪಕ್ಕದ ಹೊಲಗಳಲ್ಲಿ ಉಳುತ್ತಾ, ಮದುವೆಯಾಗುತ್ತಾ, ಜಗಳವಾಡುತ್ತಾ ಇದ್ದ ಎರಡು ಜನರ ಭಾಷೆಗಳು ಬೆರೆತವು. ಇಂಗ್ಲಿಷಿನ ‘ಸ್ಕೈ’, ‘ಎಗ್’, ‘ಲಾ’, ‘ಹಸ್ಬಂಡ್’, ‘ಟೇಕ್’, ಕೊನೆಗೆ ‘ದೇ’ ಎಂಬ ಸರ್ವನಾಮ ಕೂಡ ನಾರ್ಸ್‌ನಿಂದ ಬಂದವು. ‘ವಿಂಡೋ’ ಎಂದರೆ ಮೂಲದಲ್ಲಿ ‘ಗಾಳಿಗಣ್ಣು’. ನಮ್ಮ ‘ಗವಾಕ್ಷ’ದಲ್ಲೂ ಕಣ್ಣಿದೆ, ಅದು ಗೋವಿನ ಕಣ್ಣು. ಕಿಟಕಿಯಲ್ಲಿ ಕಣ್ಣನ್ನು ಕಾಣದ ಜನವೇ ಇಲ್ಲವೇನೋ.

ಹಳೆಯ ನಾರ್ಸ್‌ನಲ್ಲಿ ‘ಥ್ವೆರ್’ ಎಂದರೆ ಅಡ್ಡ. ಅದು ವಿಶೇಷಣ. ಅದರ ನಪುಂಸಕಲಿಂಗದ ರೂಪ ‘ಥ್ವೆರ್ತ್’. ನಪುಂಸಕಕ್ಕೆ ಕೊನೆಯಲ್ಲಿ ಒಂದು ‘ತ್’ ಸೇರಿಸುವುದು ಆ ಭಾಷೆಯ ವ್ಯಾಕರಣ. ಕನ್ನಡದಲ್ಲಿ ‘ದೊಡ್ಡ’ ಎಂಬುದಕ್ಕೆ ‘ದು’ ಸೇರಿಸಿ ‘ದೊಡ್ಡದು’ ಮಾಡಿದಂತೆ ಎಂದುಕೊಳ್ಳಿ. ಇಂಗ್ಲಿಷರು ಪದವನ್ನು ಎರವಲು ಪಡೆಯುವಾಗ ಮೂಲವನ್ನಷ್ಟೇ ಬಿಡಿಸಿಕೊಳ್ಳದೆ ಆ ‘ತ್’ ಸಮೇತ ಹೊತ್ತುಕೊಂಡು ಹೋದರು. ನಮ್ಮ ಭಾಷೆಯಿಂದ ಯಾರೋ ‘ದೊಡ್ಡದು’ ಎಂಬ ಪದವನ್ನು ಕಲಿತು, ‘ದೊಡ್ಡದು ಮನೆ, ದೊಡ್ಡದು ಮನುಷ್ಯ’ ಎಂದು ಸಾವಿರ ವರ್ಷ ಆಡಿದಂತಾಯಿತು. ಹೀಗೆ ಬಾಲ ಸಮೇತ ಬಂದ ಪದಗಳು ಇಂಗ್ಲಿಷಿನಲ್ಲಿ ಇನ್ನೂ ಇವೆ. ಬೇಕು ಎಂಬ ಅರ್ಥದ ‘ವಾಂಟ್’ ಮತ್ತು ಸಾಲದು ಎಂಬ ಅರ್ಥದ ‘ಸ್ಕ್ಯಾಂಟ್’ ಎರಡರ ತುದಿಯಲ್ಲಿರುವುದೂ ಅದೇ ನಾರ್ಸ್ ನಪುಂಸಕದ ‘ತ್’. ಈ ಬಾಲವನ್ನು ನೋಡಿಯೇ ಭಾಷಾಶಾಸ್ತ್ರಜ್ಞರು ಥ್ವಾರ್ಟ್ ನಾರ್ಸ್‌ನಿಂದ ಬಂದದ್ದೆಂದು ಗುರುತಿಸುತ್ತಾರೆ.

ಸಿಡುಕಿನ ನೆಂಟರು

ಹಳೆಯ ಇಂಗ್ಲಿಷಿನಲ್ಲೂ ಇದಕ್ಕೊಬ್ಬ ದಾಯಾದಿ ಇದ್ದ, ‘ಥ್ವೆಯೊರ್ಹ್’ ಎಂದು. ಅಡ್ಡ, ಸೊಟ್ಟ, ಮೊಂಡ, ಸಿಟ್ಟಿನ ಎಂಬ ಅರ್ಥಗಳೆಲ್ಲ ಅದಕ್ಕಿದ್ದವು. ಅದು ಕಾಲಕ್ರಮೇಣ ಅಳಿಯಿತು, ಅದರ ಜಾಗದಲ್ಲಿ ನಾರ್ಸ್ ನೆಂಟ ಉಳಿದ. ಗಾಥಿಕ್ ಎಂಬ ಇನ್ನೂ ಹಳೆಯ ಜರ್ಮನಿಕ್ ಭಾಷೆಯಲ್ಲಿ ಇದೇ ಪದಕ್ಕೆ ಸಿಟ್ಟಿಗೆದ್ದ ಎಂಬ ಅರ್ಥ ಮಾತ್ರ ಸಿಗುತ್ತದೆ. ಇಂದಿನ ಸ್ವೀಡಿಷ್‌ನ ‘ತ್ವೇರ್’ ಕಡಿದಾದ ತಿರುವಿಗೂ ಸಲ್ಲುತ್ತದೆ, ಮುಖ ಗಂಟಿಕ್ಕಿಕೊಂಡ ಮನುಷ್ಯನಿಗೂ ಸಲ್ಲುತ್ತದೆ.

ಜರ್ಮನ್ನಿನಲ್ಲಿ ‘ಕ್ವೇರ್’ ಎಂದರೆ ಅಡ್ಡಲಾಗಿ. ಅದರ ಇನ್ನೊಂದು ಹಳೆಯ ರೂಪ ದೇಹದೊಳಗೆ ಅಡಗಿ ಕುಳಿತಿದೆ: ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ವಪೆಗೆ ಅವರು ‘ಟ್ಸ್ವೆರ್ಖ್‌ಫೆಲ್’ ಎನ್ನುತ್ತಾರೆ. ಬಿಡಿಸಿದರೆ ‘ಅಡ್ಡ ಚರ್ಮ’. ಡಚ್ಚರಲ್ಲಿ ‘ದ್ವಾರ್ಸ್’ ಅಡ್ಡ, ‘ಬೋಮ್’ ಮರ. ಎರಡನ್ನೂ ಕೂಡಿಸಿ ಮಾಡಿದ ‘ದ್ವಾರ್ಸ್‌ಬೋಮನ್’ ಎಂಬ ಕ್ರಿಯಾಪದಕ್ಕೆ ಒಬ್ಬರ ಯೋಜನೆಯನ್ನು ಕೆಡಿಸು ಎಂಬ ಅರ್ಥ. ಮೇಲೆ ಹೇಳಿದ ದಿಮ್ಮಿಯ ಚಿತ್ರವನ್ನು ಅವರು ಕ್ರಿಯಾಪದವನ್ನಾಗಿಯೇ ಇಟ್ಟುಕೊಂಡಿದ್ದಾರೆ.

ಇನ್ನೂ ಆಳಕ್ಕೆ ಹೋದರೆ ‘ತಿರುಚು’ ಎಂಬ ಅರ್ಥದ ಒಂದು ಪ್ರಾಚೀನ ಧಾತುವನ್ನು ವಿದ್ವಾಂಸರು ಮುಂದಿಡುತ್ತಾರೆ. ಲ್ಯಾಟಿನ್‌ನಲ್ಲಿ ತಿರುಚುವುದಕ್ಕಿರುವ ಕ್ರಿಯಾಪದ ಅದರಿಂದಲೇ ಬಂದದ್ದು. ಅದರ ಮೂಲಕ ಇಂಗ್ಲಿಷಿಗೆ ಬಂದವು ‘ಟಾರ್ಕ್’, ‘ಟಾರ್ಚರ್’, ‘ಡಿಸ್ಟಾರ್ಟ್’. ನೂಲುವ ಕದಿರಿಗೆ ಸಂಸ್ಕೃತದಲ್ಲಿರುವ ‘ತರ್ಕು’ ಎಂಬ ಪದವನ್ನೂ ಇದೇ ಬಳಗಕ್ಕೆ ಸೇರಿಸುತ್ತಾರೆ. ನೇರವಾಗಿದ್ದುದನ್ನು ತಿರುಚಿದರೆ ಅದು ಅಡ್ಡವಾಗುತ್ತದೆ. ಅಡ್ಡವಾದದ್ದು ದಾರಿ ತಡೆಯುತ್ತದೆ. ಇಷ್ಟೇ ಅದರ ತರ್ಕ. (‘ತರ್ಕ’ಕ್ಕೂ ‘ತರ್ಕು’ವಿಗೂ ಸಂಬಂಧವಿದೆಯೇ ಎಂದು ಕೇಳಬೇಡಿ, ಅದು ಬೇರೆಯೇ ಲೇಖನ.)

‘ಅಡ್ಡಲಾಗಿ’ ಎಂಬುದರಿಂದ ‘ಆಗದಂತೆ ಮಾಡು’ ಎಂಬುದಕ್ಕೆ

ಇಂಗ್ಲಿಷಿನಲ್ಲಿ ಈ ಪದ ಮೊದಲು ಕಾಣಿಸಿಕೊಳ್ಳುವುದು 1200ರ ಆಸುಪಾಸಿನಲ್ಲಿ, ಕ್ರಿಯಾವಿಶೇಷಣವಾಗಿ. ಆ ಕಾಲದಲ್ಲಿ ಆರ್ಮ್ ಎಂಬ ಸಂನ್ಯಾಸಿ ಬರೆದ ದೀರ್ಘ ಪದ್ಯಕೃತಿಯೊಂದಿದೆ. ‘ಸಂಪೂರ್ಣವಾಗಿ, ಈ ತುದಿಯಿಂದ ಆ ತುದಿಗೆ’ ಎಂದು ಹೇಳುವಾಗ ಅವನು ಇದನ್ನು ಬಳಸುತ್ತಾನೆ. ಅಡ್ಡ ಹಾಯ್ದು ಆಚೆ ಬಂದ ಮೇಲೆ ಪೂರ್ತಿ ದಾಟಿದಂತೆಯೇ ಅಲ್ಲವೇ. ಆರ್ಮ್ ಎಂಬುದೇ ನಾರ್ಸ್ ಹೆಸರು, ಹಾವು ಎಂದರ್ಥ.

14ನೇ ಶತಮಾನದ ಕೊನೆಗೆ ಇಂಗ್ಲಿಷ್ ಕವಿ ಚಾಸರ್ ಯುದ್ಧದೇವತೆಯ ಗುಡಿಯ ಬಾಗಿಲನ್ನು ವರ್ಣಿಸುವಾಗ ಅದನ್ನು ಕಬ್ಬಿಣದ ಪಟ್ಟಿಗಳಿಂದ ‘ಉದ್ದಕ್ಕೂ ಅಡ್ಡಕ್ಕೂ’ ಬಿಗಿದಿತ್ತು ಎನ್ನುತ್ತಾನೆ. ಅಲ್ಲಿ ಅಡ್ಡಕ್ಕೆ ಅವನು ಬಳಸಿದ್ದು ‘ಓವರ್‌ಥ್ವಾರ್ಟ್’. ಆಗಿನ್ನೂ ಇದು ಬಡಗಿ, ಕಮ್ಮಾರರ ಕೈಗೆ ಸಿಗುವ ಪದ.

ಶೇಕ್ಸ್‌ಪಿಯರ್‌ನ ಕಾಲಕ್ಕೆ ಎಲ್ಲ ಅರ್ಥಗಳೂ ಒಟ್ಟಿಗೆ ಬದುಕಿದ್ದವು. ‘ಪೆರಿಕ್ಲಿಸ್’ ನಾಟಕದಲ್ಲಿ ನಾಯಕ ಮೊಂಡು ಕಡಲುಗಳನ್ನು ‘ಥ್ವಾರ್ಟ್’ ಮಾಡುತ್ತಾ ಸಾಗುತ್ತಾನೆ. ಇಲ್ಲಿ ಕಡಲಿನ ಯೋಜನೆಯನ್ನು ಅವನೇನೂ ಕೆಡಿಸುತ್ತಿಲ್ಲ, ಬರಿಯ ಅಡ್ಡಹಾಯುತ್ತಿದ್ದಾನೆ. ‘ಕಿಂಗ್ ಲಿಯರ್’ನಲ್ಲಿ ಮುದಿ ದೊರೆ ಮಗಳಿಗೆ ಶಾಪ ಹಾಕುತ್ತಾ, ಅವಳಿಗೆ ಮಗು ಹುಟ್ಟುವುದೇ ಆದರೆ ಅದು ‘ಥ್ವಾರ್ಟ್’ ಆಗಿರಲಿ ಎನ್ನುತ್ತಾನೆ. ಅದು ಸ್ವಭಾವದ ಅಡ್ಡತನ, ತಾಯಿಗೆ ಮೊಂಡುಬಿದ್ದು ಕಾಡುವ ಮಗು. ‘ಮರ್ಚೆಂಟ್ ಆಫ್ ವೆನಿಸ್’ನ ಶೈಲಾಕ್ ತನ್ನ ಎದುರಾಳಿ ಮಾಡಿದ ಅನ್ಯಾಯಗಳನ್ನು ಪಟ್ಟಿ ಮಾಡುವಾಗ ‘ನನ್ನ ವ್ಯಾಪಾರಗಳನ್ನು ಥ್ವಾರ್ಟ್ ಮಾಡಿದ’ ಎಂದು ಕೂಗುತ್ತಾನೆ. ಇದು ನಾವು ಇಂದು ಪತ್ರಿಕೆಯಲ್ಲಿ ಓದುವ ಅರ್ಥ. ‘ರೋಮಿಯೊ ಮತ್ತು ಜೂಲಿಯೆಟ್’ನ ಕೊನೆಯಲ್ಲಿ, ಸಮಾಧಿಯೊಳಗೆ ಎಚ್ಚರಗೊಂಡ ಜೂಲಿಯೆಟ್‌ಗೆ ಪಾದ್ರಿ ಹೇಳುವ ಮಾತೂ ಇದೇ: ನಾವು ಎದುರಾಡಲಾಗದ ಶಕ್ತಿಯೊಂದು ನಮ್ಮ ಉದ್ದೇಶವನ್ನು ಥ್ವಾರ್ಟ್ ಮಾಡಿತು.

ಅದೇ ನಾಟಕದ ಆರಂಭದಲ್ಲಿ ಆ ಪ್ರೇಮಿಗಳನ್ನು ‘ಸ್ಟಾರ್-ಕ್ರಾಸ್ಡ್’ ಎಂದು ಕರೆಯಲಾಗಿದೆ. ನಕ್ಷತ್ರಗಳು ಕೂಡಿ ಬಂದವರು ಎಂದು ಅದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವವರಿದ್ದಾರೆ. ನಿಜವಾದ ಅರ್ಥ ತದ್ವಿರುದ್ಧ, ಗ್ರಹಗತಿ ಅಡ್ಡ ಬಂದವರು ಎಂದು. ಇಲ್ಲಿ ‘ಕ್ರಾಸ್’ ಮಾಡುತ್ತಿರುವುದು ಥ್ವಾರ್ಟ್‌ನ ಕೆಲಸವನ್ನೇ. ಸಿಟ್ಟಾಗಿರುವವರನ್ನು ಇಂಗ್ಲಿಷಿನಲ್ಲಿ ‘ಕ್ರಾಸ್’ ಆಗಿದ್ದಾರೆ ಎನ್ನುವುದನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಿದರೆ, ಅಡ್ಡಕ್ಕೂ ಸಿಡುಕಿಗೂ ಇರುವ ನಂಟು ಎಷ್ಟು ಹಳೆಯದೆಂದು ತಿಳಿಯುತ್ತದೆ.

ಹಳೆಯ ‘ದಾಟು’ ಎಂಬ ಅರ್ಥದ ಕೊನೆಯ ಮಿಂಚುಗಳಲ್ಲೊಂದು ಮಿಲ್ಟನ್‌ನಲ್ಲಿ ಸಿಗುತ್ತದೆ. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ದೇವದೂತನೊಬ್ಬ ಬಿಸಿಲಿನ ಕೋಲಿನ ಮೇಲೆ ಜಾರಿ ಇಳಿಯುವ ವೇಗವನ್ನು, ಶರತ್ಕಾಲದ ಇರುಳನ್ನು ಉಲ್ಕೆ ‘ಥ್ವಾರ್ಟ್’ ಮಾಡುವುದಕ್ಕೆ ಕವಿ ಹೋಲಿಸುತ್ತಾನೆ. ಇರುಳಿಗೆ ಅಡ್ಡಲಾಗಿ ಒಂದು ಬೆಳಕಿನ ಗೀರು. ಇಂದಿನ ಓದುಗ ಅಲ್ಲಿ ತಡವರಿಸುತ್ತಾನೆ, ಉಲ್ಕೆ ಇರುಳಿನ ಯಾವ ಸಂಚನ್ನು ಕೆಡಿಸಿತು ಎಂದು. ‘ಅಡ್ಡ’ ಗೊತ್ತಿರುವವನು ತಡವರಿಸಬೇಕಾಗಿಲ್ಲ.

ಆಮೇಲೆ ದಿಕ್ಕಿನ ಅರ್ಥ ಮೆಲ್ಲಗೆ ಬತ್ತಿತು. ಅದರ ಭಾರವನ್ನು ‘ಅಥ್ವಾರ್ಟ್’ ಎಂಬ ತಮ್ಮ ಹೊತ್ತುಕೊಂಡ. ಅವನು ಈಗಲೂ ಹೆಚ್ಚಾಗಿ ಕಾಣಿಸುವುದು ಹಡಗಿನವರ ಮಾತಿನಲ್ಲಿ.

ಹಾಗಾದರೆ ದೋಣಿಯ ಹಲಗೆ?

ಚಿಕ್ಕ ದೋಣಿಯೊಂದನ್ನು ಮೇಲಿನಿಂದ ನೋಡಿ. ಎರಡು ಪಕ್ಕೆಗಳ ನಡುವೆ, ಈ ಅಂಚಿನಿಂದ ಆ ಅಂಚಿಗೆ ಹಲಗೆಗಳನ್ನು ಹಾಕಿರುತ್ತಾರೆ. ಹುಟ್ಟು ಹಾಕುವವರು ಕೂರುವುದು ಅವುಗಳ ಮೇಲೆ. ಇಂಗ್ಲಿಷಿನಲ್ಲಿ ಆ ಹಲಗೆಯೂ ‘ಥ್ವಾರ್ಟ್’.

ಹಲಗೆ ಅಡ್ಡಲಾಗಿರುವುದರಿಂದ ಆ ಹೆಸರು ಬಂತು ಎಂದು ಯಾರಾದರೂ ಊಹಿಸಬಹುದು. ಊಹೆ ಅರ್ಧ ಮಾತ್ರ ಸರಿ. ಹಳೆಯ ಇಂಗ್ಲಿಷಿನಲ್ಲಿ ಆ ಹಲಗೆಗೆ ‘ಥೋಫ್ಟೆ’ ಎಂಬ ಬೇರೆಯದೇ ಹೆಸರಿತ್ತು. ಅದಕ್ಕೂ ‘ಅಡ್ಡ’ಕ್ಕೂ ಸಂಬಂಧವಿರಲಿಲ್ಲ. ಅದೇ ಪದದಿಂದ ‘ಗೆಥೋಫ್ಟಾ’ ಎಂಬುದೊಂದು ಹುಟ್ಟಿತ್ತು: ಒಂದೇ ಹಲಗೆಯ ಮೇಲೆ ಕೂತು ಹುಟ್ಟು ಹಾಕುವವನು, ಅಂದರೆ ಜೊತೆಗಾರ. ಚೆಲುವಾದ ಪದ, ಉಳಿಯಲಿಲ್ಲ. ಶತಮಾನಗಳು ಕಳೆದಂತೆ ‘ಥೋಫ್ಟೆ’ಯ ಧ್ವನಿ ಸವೆಯಿತು, ಮೂಲ ಅರ್ಥ ಯಾರಿಗೂ ಹೊಳೆಯದಾಯಿತು. ಹಲಗೆಯೋ ಕಣ್ಣೆದುರಿಗೇ ಅಡ್ಡ ಮಲಗಿತ್ತು. ನಾವಿಕರ ಬಾಯಲ್ಲಿ ಹಳೆಯ ಪದ ಪಕ್ಕದ ‘ಥ್ವಾರ್ಟ್’ ಕಡೆಗೆ ವಾಲಿ, 18ನೇ ಶತಮಾನದ ಹೊತ್ತಿಗೆ ಅದರೊಳಗೇ ಕರಗಿಹೋಯಿತು. ಅರ್ಥ ಮರೆತ ಪದವನ್ನು ಪರಿಚಿತ ಪದದ ಅಚ್ಚಿಗೆ ಜನ ತಾವೇ ಎರೆಯುವ ಇಂಥ ಪ್ರಕ್ರಿಯೆಗೆ ಜಾನಪದ ನಿರುಕ್ತಿ ಎನ್ನುತ್ತಾರೆ.

ನನಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ದೋಣಿಯ ಥ್ವಾರ್ಟ್ ಯಾರ ದಾರಿಯನ್ನೂ ತಡೆಯುವುದಿಲ್ಲ. ನೀರು ಹೊರಗಿನಿಂದ ಒತ್ತುವಾಗ ಎರಡು ಪಕ್ಕೆಗಳು ಒಳಕ್ಕೆ ಬಾಗದಂತೆ, ಹೊರಕ್ಕೆ ಅಗಲದಂತೆ ಹಿಡಿದಿಡುವುದು ಅದೇ. ಅದನ್ನು ಕಿತ್ತರೆ ದೋಣಿ ಸಡಿಲವಾಗುತ್ತದೆ. ಒಂದೇ ಪದ ಕ್ರಿಯೆಯಾಗಿ ಕೆಡಿಸುತ್ತದೆ, ವಸ್ತುವಾಗಿ ಕೂಡಿಸುತ್ತದೆ.

ಅಕ್ಕಪಕ್ಕದ ಪದಗಳು

ಪರೀಕ್ಷೆಯ ಪಟ್ಟಿಗಳಲ್ಲಿ ಥ್ವಾರ್ಟ್ ಪಕ್ಕದಲ್ಲಿ ಐದಾರು ಪದಗಳು ಸಾಲಾಗಿ ನಿಂತಿರುತ್ತವೆ, ಎಲ್ಲದರ ಅರ್ಥವೂ ಒಂದೇ ಎಂಬಂತೆ. ಒಂದೇ ಅಲ್ಲ. ‘ಹಿಂಡರ್’ ಮತ್ತು ‘ಇಂಪೀಡ್’ ಕೆಲಸವನ್ನು ನಿಧಾನಗೊಳಿಸುತ್ತವೆ, ನಿಲ್ಲಿಸಲೇಬೇಕೆಂದಿಲ್ಲ. ಇಂಪೀಡ್‌ನೊಳಗೆ ಲ್ಯಾಟಿನ್‌ನ ‘ಕಾಲು’ ಇದೆ. ಕಾಲಿಗೆ ತೊಡರು ಹಾಕುವುದು ಅದರ ಮೂಲ ಚಿತ್ರ, ಕುಂಟುತ್ತಲಾದರೂ ಮುಂದೆ ಹೋಗಬಹುದು. ‘ಫ್ರಸ್ಟ್ರೇಟ್’ ಬಂದದ್ದು ವ್ಯರ್ಥವಾಗಿ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಅಲ್ಲಿ ಒತ್ತು ಪಟ್ಟ ಶ್ರಮ ನೀರುಪಾಲಾದದ್ದರ ಮೇಲೆ. ಹಾಗಾಗಿಯೇ ಅದು ಹತಾಶೆಯ ಹೆಸರಾಗಿಯೂ ಬೆಳೆಯಿತು.

ಸುದ್ದಿಯಲ್ಲಿ ಥ್ವಾರ್ಟ್‌ಗೆ ನಿಜವಾದ ಪೈಪೋಟಿ ‘ಫಾಯಿಲ್’. ಅಲ್ಯೂಮಿನಿಯಂ ಫಾಯಿಲ್ ನೆನಪಾಗುವುದು ಸಹಜ, ಆದರೆ ಅದು ಬೇರೆ ಪದ. ಹೊಳೆಯುವ ತೆಳು ಹಾಳೆಯ ಫಾಯಿಲ್ ಲ್ಯಾಟಿನ್‌ನ ‘ಎಲೆ’ಯಿಂದ ಬಂದದ್ದು. ಸಂಚು ಕೆಡಿಸುವ ಫಾಯಿಲ್‌ಗೆ ಮೂಲ ಹಳೆಯ ಫ್ರೆಂಚಿನ ‘ತುಳಿ’ ಎಂಬ ಪದ, ಬಟ್ಟೆಯನ್ನು ನೀರಿನಲ್ಲಿ ತುಳಿದು ಹದಗೊಳಿಸುವ ಕಸುಬಿನದು. ಬೇಟೆಯಾಡುವವರಲ್ಲಿ ಇದಕ್ಕೆ ಇನ್ನೊಂದು ಅರ್ಥವಿತ್ತು. ಓಡುವ ಪ್ರಾಣಿ ತನ್ನದೇ ಹೆಜ್ಜೆಯ ಮೇಲೆ ಮತ್ತೆ ತುಳಿದು ಓಡಿ ವಾಸನೆ ಕೆಡಿಸಿದರೆ ನಾಯಿಗಳು ದಿಕ್ಕು ತಪ್ಪುತ್ತವೆ. ಮೂಲ ಚಿತ್ರಗಳನ್ನು ನೆನಪಿಟ್ಟುಕೊಂಡರೆ ವ್ಯತ್ಯಾಸ ಕಾಣುತ್ತದೆ: ಥ್ವಾರ್ಟ್ ಅಡ್ಡ ನಿಂತು ತಡೆಯುತ್ತದೆ, ಫಾಯಿಲ್ ಸುಳಿವು ಅಳಿಸಿ ಸೋಲಿಸುತ್ತದೆ. ಇಂದಿನ ಪತ್ರಿಕೆಗಳು ಈ ಸೂಕ್ಷ್ಮವನ್ನು ಪಾಲಿಸುವುದಿಲ್ಲ. ಫಾಯಿಲ್ ಚಿಕ್ಕದು, ಶೀರ್ಷಿಕೆಯಲ್ಲಿ ಹಿಡಿಸುತ್ತದೆ, ಅಷ್ಟೇ ಅವರ ಲೆಕ್ಕ.

‘ಸ್ಟೈಮಿ’ ಎಂಬುದು ಗಾಲ್ಫ್ ಆಟದ ಪದ. ಇಬ್ಬರು ಆಡುವಾಗ ಎದುರಾಳಿಯ ಚೆಂಡು ನಿಮ್ಮ ಚೆಂಡಿಗೂ ಕುಳಿಗೂ ನಡುವೆ ನೇರವಾಗಿ ಬಂದು ನಿಂತರೆ ಅದು ಸ್ಟೈಮಿ. ಹಳೆಯ ನಿಯಮದಲ್ಲಿ ಎರಡು ಚೆಂಡುಗಳ ನಡುವೆ ಆರು ಇಂಚಿಗಿಂತ ಹೆಚ್ಚು ಅಂತರವಿದ್ದರೆ ಅದನ್ನು ಎತ್ತಿ ಪಕ್ಕಕ್ಕಿಡುವಂತಿರಲಿಲ್ಲ. ಬಳಸಿಕೊಂಡೋ ಮೇಲಿನಿಂದ ಹಾರಿಸಿಯೋ ಹೊಡೆಯಬೇಕಿತ್ತು. 1952ರಲ್ಲಿ ನಿಯಮ ಬದಲಾಗಿ ಆಟದಿಂದ ಸ್ಟೈಮಿ ಹೋಯಿತು, ಭಾಷೆಯಲ್ಲಿ ಉಳಿಯಿತು. ಇದೂ ಅಡ್ಡ ಬಂದದ್ದರ ಕಥೆಯೇ. ‘ಬಾಕ್’ ಎಂಬುದು ಮೊದಲು ಎರಡು ಉಳುಮೆಗಳ ನಡುವೆ ಉಳದೆ ಬಿಟ್ಟ ದಿಂಡಿನ ಹೆಸರು, ನಮ್ಮ ಬದುವಿನಂತೆ. ಆಮೇಲೆ ಅಡ್ಡ ತೊಲೆಗೂ ಆಯಿತು, ತಡೆಗೂ ಆಯಿತು.

ಕನ್ನಡಕ್ಕೆ ತರುವಾಗ

ಇಲ್ಲಿಗೆ ನನ್ನ ಹಳೆಯ ತಪ್ಪಿಗೆ ಮರಳಬಹುದು. ಚಿತ್ರದ ದೃಷ್ಟಿಯಿಂದ ‘ಅಡ್ಡಿಪಡಿಸು’ ಥ್ವಾರ್ಟ್‌ಗೆ ಅವಳಿಯಂತಿದೆ. ಫಲಿತಾಂಶದ ದೃಷ್ಟಿಯಿಂದ ಅಲ್ಲ. ಸಭೆಗೆ ಅಡ್ಡಿಪಡಿಸಿದರು ಎಂದರೆ ಗದ್ದಲವಾಯಿತು ಎಂದು ತಿಳಿಯುತ್ತೇವೆ, ಸಭೆ ರದ್ದಾಯಿತು ಎಂದಲ್ಲ. ಕನ್ನಡದ ಅಡ್ಡಿ ದಾಟಬಹುದಾದ ಅಡ್ಡಿ. ಇಂಗ್ಲಿಷಿನ ಥ್ವಾರ್ಟ್ ದಾಟಲಾಗದ್ದು. ಅಲ್ಲದೆ ‘ಅಡ್ಡಿ’ ಎಂದೊಡನೆ ನಮ್ಮ ಕಿವಿ ಅಡ್ಡಿ ಮಾಡಿದವನನ್ನೇ ತಪ್ಪಿತಸ್ಥನನ್ನಾಗಿ ನೋಡುತ್ತದೆ. ಥ್ವಾರ್ಟ್‌ಗೆ ಆ ಪಕ್ಷಪಾತವಿಲ್ಲ. ಒಳ್ಳೆಯವರು ಕೆಟ್ಟವರನ್ನೂ, ಕೆಟ್ಟವರು ಒಳ್ಳೆಯವರನ್ನೂ ಥ್ವಾರ್ಟ್ ಮಾಡಬಹುದು.

ಕನ್ನಡದಲ್ಲಿ ಮುಗಿದೇಹೋಯಿತು ಎಂದು ಹೇಳುವ ಮಾತುಗಳು ಬೇರೆ ಇವೆ. ‘ವಿಫಲಗೊಳಿಸು’ ಸುರಕ್ಷಿತ, ಸ್ವಲ್ಪ ಒಣ. ಅದರೊಳಗಿರುವುದು ದಾರಿಯಲ್ಲ, ಫಲ ಕೊಡದ ಮರ. ‘ವಿಘ್ನ’ದಲ್ಲಿ ಹೊಡೆದು ಚೆದುರಿಸುವ ಧಾತುವಿದ್ದರೂ ಬಳಕೆಯಲ್ಲಿ ಅದು ಮೆತ್ತಗಾಗಿದೆ. ‘ಬುಡಮೇಲು ಮಾಡು’ ಎಂದರೆ ಕೆಲಸ ಸಾಕಷ್ಟು ಬೆಳೆದ ಮೇಲೆ ಕಿತ್ತುಹಾಕಿದಂತೆ. ಆಸೆಗೆ ‘ತಣ್ಣೀರೆರಚು’ ಎಂಬುದು ಉತ್ಸಾಹ ಇಳಿಸುವುದಕ್ಕೆ ಸರಿ, ಸಂಚಿಗೆ ಸಾಲದು. ಒಬ್ಬರ ಏಳಿಗೆಗೆ ‘ಕಲ್ಲು ಹಾಕು’ ಎಂಬುದರಲ್ಲಿ ಹಾಕಿದವನ ಹೊಟ್ಟೆಕಿಚ್ಚು ಎದ್ದು ಕಾಣುತ್ತದೆ. ಹಾಗಾಗಿ ಕಳ್ಳರನ್ನು ಹಿಡಿದ ಪೊಲೀಸರಿಗೆ ಅದನ್ನು ಹಚ್ಚಿದರೆ ಓದುಗರು ನಗುತ್ತಾರೆ. ಅಪಾಯದ ಸುದ್ದಿಗಳಲ್ಲಿ ‘ತಪ್ಪಿಸಿದರು’ ಎಂಬ ಪುಟ್ಟ ಪದವೇ ಹೆಚ್ಚು ಕೆಲಸ ಮಾಡುತ್ತದೆ. ದಾಳಿ ತಪ್ಪಿಸಿದರು, ಕಳವು ತಪ್ಪಿಸಿದರು. ಕೆಲಸ ಆಗಲಿಲ್ಲ, ಯಾರೋ ಆಗಗೊಡಲಿಲ್ಲ, ಎರಡೂ ಅದರಲ್ಲಿ ಬಂತು.

ಅಂದು ಉಪಸಂಪಾದಕರು ನನ್ನ ಶೀರ್ಷಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದರು, ಅಡ್ಡಲಾಗಿ. ಅದರ ಕೆಳಗೆ ಬರೆದದ್ದು ಐದೇ ಪದ: ‘ಕಡಲ್ಗಳ್ಳರ ಯತ್ನ ವಿಫಲ, ಹಡಗು ಪಾರು’.